ಹಾಲು ಬಿಡಿಸಿದ ಮರಿಗಳ ಮನೆ

ಫೆಬ್ರವರಿ ೧೮

ಅತ್ತಿಗೆ,

ಬದುಕಿದ್ದೇನೆ. ಅಣ್ಣ ಕೇಳದಿದ್ದರೂ ಅವನಿಗೆ ಇಷ್ಟು ಹೇಳಿಬಿಡಿ.

ಒಳಗೆ ಬಂದು ಹತ್ತು ದಿನವಾಯಿತು. ಬಾಗಿಲಲ್ಲೇ ಬಟ್ಟೆ, ಚಪ್ಪಲಿ, ಕೈಗಡಿಯಾರ, ಫೋನು ಎಲ್ಲ ಬಿಟ್ಟು, ತಲೆಯ ಮೇಲಿಂದ ಸ್ನಾನ ಮಾಡಿ, ಫಾರ್ಮಿನವರು ಕೊಟ್ಟ ಹಸಿರು ಬಟ್ಟೆ ತೊಟ್ಟು ಒಳಗೆ ಬಂದವಳು ಇನ್ನು ಹೊರಗೆ ಕಾಲಿಡುವುದು ನಾಲ್ಕು ತಿಂಗಳ ಅವಧಿ ಮುಗಿದು ಜೂನ್ ಹತ್ತಕ್ಕೇ. ಹಿಂದೊಮ್ಮೆ ಯಾರದೋ ಬೂಟಿನಲ್ಲಿ ಬಂದ ರೋಗಕ್ಕೆ ಇಲ್ಲಿನ ಹಂದಿಗಳೆಲ್ಲ ಒಂದೇ ವಾರದಲ್ಲಿ ಸತ್ತವಂತೆ. ಅಂದಿನಿಂದ ಈ ಕಟ್ಟುನಿಟ್ಟು. ಫೋನನ್ನು ತೊಳೆಯಲಾಗುವುದಿಲ್ಲ, ಆದ್ದರಿಂದ ಫೋನಿಲ್ಲ. ಕಾಗದವನ್ನಾದರೆ ಒಂದು ಪೆಟ್ಟಿಗೆಯಲ್ಲಿ ನೀಲಿ ದೀಪದ ಕೆಳಗೆ ಒಂದು ದಿನ ಇಟ್ಟು ಆಮೇಲೆ ಕೊಡುತ್ತಾರೆ. ಹಾಗಾಗಿ ನಿಮಗೆ ನನ್ನ ಕೋಳಿಕಾಲು ಅಕ್ಷರ ಓದುವ ಶಿಕ್ಷೆ.

ನಾವು ಎಂಟು ಜನ. ನನ್ನ ಜೊತೆ ಕೆಲಸ ಮಾಡುವವಳೂ, ಕೋಣೆ ಹಂಚಿಕೊಂಡವಳೂ ಒಬ್ಬಳೇ. ಅವಳನ್ನು ಎಲ್ಲರೂ ಗೊರಕೆ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಹೆಸರು ಇಟ್ಟವರು ಒಂದಿಷ್ಟೂ ಸುಳ್ಳು ಹೇಳಿಲ್ಲ.

ನಮ್ಮದು ಹಾಲು ಬಿಡಿಸಿದ ಮರಿಗಳ ಮನೆ. ಇಪ್ಪತ್ತೈದು ದಿನದ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ನಮ್ಮಲ್ಲಿಗೆ ತಂದು ಬಿಡುತ್ತಾರೆ, ಒಂದು ಸಲಕ್ಕೆ ನಾನೂರು. ನಿನ್ನೆಯವರೆಗೆ ತಾಯಿ ಗಂಟೆಗೊಮ್ಮೆ ಗುಟುರು ಹಾಕಿ ಹಾಲಿಗೆ ಕರೆಯುತ್ತಿತ್ತು. ಇವತ್ತು ಯಾರೂ ಕರೆಯುವುದಿಲ್ಲ. ತೊಟ್ಟಿಯಲ್ಲಿರುವ ಒಣ ಪುಡಿ ಊಟವೆಂದು ಅವಕ್ಕೆ ಹೊಳೆಯುವುದೇ ಇಲ್ಲ. ಒಂದೆರಡು ದಿನ ಮೈಯಲ್ಲಿರುವ ಕೊಬ್ಬನ್ನೇ ಸುಟ್ಟುಕೊಂಡು ಬದುಕುತ್ತವೆ. ಅಷ್ಟರೊಳಗೆ ಹೊಟ್ಟೆಗೆ ಪರಿಚಯವಿರುವುದು ಏನಾದರೂ ಬೀಳಬೇಕು: ಹಾಲೊಡಕಿನ ಪುಡಿಯ ಸಿಹಿ, ಹಬೆಯಲ್ಲಿ ಬೆಂದ ಮೆಕ್ಕೆಜೋಳ, ಒಂದಿಷ್ಟೇ ಎಣ್ಣೆ. ಹಸಿ ಜೋಳ ದೊಡ್ಡ ಹಂದಿಗೆ ನಡೆಯುತ್ತದೆ. ಇವುಗಳ ಕರುಳಿಗೆ ಅದನ್ನು ಅರಗಿಸುವ ವಿದ್ಯೆ ಇನ್ನೂ ಬಂದಿಲ್ಲ.

ಚೀಲದ ಮೇಲೆ ನೀವೂ ಅಣ್ಣನೂ ದುಡಿಯುವ ಗಿರಣಿಯ ಮುದ್ರೆ ನೋಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಬಿಸ್ಕತ್ತಿನ ರುಚಿ. ಮಿಶ್ರಣದ ಮೇಸ್ತ್ರಿಗೆ, ಅಂದರೆ ನನ್ನಣ್ಣನಿಗೆ, ಬಾಯಿ ಕೆಟ್ಟಿದ್ದರೂ ಕೈ ಕೆಟ್ಟಿಲ್ಲ ಎಂದುಕೊಂಡೆ.

ಅವನಿಗೆ ನನ್ನ ಮೇಲೆ ಇನ್ನೂ ಕೋಪವೇ? ಒಂದು ಸ್ಟೂಲು ಜಾಗ ಬದಲಿಸಿದ್ದಕ್ಕೆ ಮೂವತ್ತೆಂಟು ವರ್ಷದ ತಂಗಿಗೆ "ನಿನ್ನ ದರ್ಬಾರು ನಡೆಸೋಕೆ ಬೇರೆ ಮನೆ ನೋಡ್ಕೋ" ಅಂದ. ನೋಡಿಕೊಂಡೆ. ಇಲ್ಲಿ ಸ್ಟೂಲು ಎಲ್ಲಿಟ್ಟರೂ ಯಾರೂ ಕೂಗುವುದಿಲ್ಲ.

ನಿಮ್ಮ ನಾದಿನಿ,
ಮೆಣಸು


ಮಾರ್ಚ್ ೨

ಮೆಣಸು,

ನಿನ್ನ ಪತ್ರದಿಂದ ಸೋಪಿನ ವಾಸನೆ ಬಂತು. ಹಂದಿಗಳ ನಡುವೆ ಇದ್ದು ಇಷ್ಟು ಶುದ್ಧವಾಗಿದ್ದೀಯಲ್ಲ, ನಮ್ಮ ಮನೆಯಲ್ಲಿದ್ದಾಗ ನಿನ್ನನ್ನು ಸ್ನಾನಕ್ಕೆ ಕಳಿಸುವುದೇ ಒಂದು ಯುದ್ಧವಾಗಿತ್ತು.

ಗಿರಣಿಯಲ್ಲಿ ಹೊಸ ಮ್ಯಾನೇಜರ್ ಬಂದಿದ್ದಾರೆ. ಬಂದವರು ಮೊದಲು ಮಾಡಿದ ಕೆಲಸ, ನನ್ನನ್ನು ಮಿಶ್ರಣದ ವಿಭಾಗದಿಂದ ತೆಗೆದು ಚೀಲ ಹೊಲಿಯುವ ಕಡೆ ಹಾಕಿದ್ದು. "ಗಂಡ ಹೆಂಡ್ತಿ ಒಂದೇ ಕಡೆ ಯಾಕೆ, ಮನೇಲಿ ಸಾಲ್ದಾ?" ಎಂದು ನಕ್ಕರು. ನಾನೂ ನಕ್ಕೆ. ಹನ್ನೊಂದು ವರ್ಷ ನಿಮ್ಮಣ್ಣನ ಪಕ್ಕದಲ್ಲೇ ನಿಂತಿದ್ದೆ. ಈಗ ನಮ್ಮ ನಡುವೆ ಒಂದು ಗೋಡೆ, ಒಂದು ಮೆಟ್ಟಿಲು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಕೋಪ ಏನೂ ಇಲ್ಲ. ಬರೆಯುವುದಕ್ಕೆ ಪುರುಸೊತ್ತಿಲ್ಲ, ಅಷ್ಟೆ.

ಊಟ ಸರಿಯಾಗಿ ಮಾಡು.

ಅತ್ತಿಗೆ


ಮಾರ್ಚ್ ೨೪

ಅತ್ತಿಗೆ,

ಪುರುಸೊತ್ತಿಲ್ಲ ಎಂಬುದನ್ನು ಓದಿದೆ. ಎರಡು ಸಾಲಿಗೆ ಎಷ್ಟು ಪುರುಸೊತ್ತು ಬೇಕು ಎಂದು ಕೇಳುವುದಿಲ್ಲ.

ಬೇರೆ ಮಾತಿದೆ. ಹನ್ನೆರಡನೇ ತಾರೀಕು ಹೊಸ ಮರಿಗಳು ಬಂದವು. ಮೂರನೇ ದಿನಕ್ಕೆ ತೊಟ್ಟಿಯ ಕಡೆ ಬಂದವು, ತಿಂದವು ಕೂಡ. ಆದರೆ ತಿಂದದ್ದು ತಿಂದ ಹಾಗೇ ಹಿಂದಿನಿಂದ ಹೋಗುತ್ತಿದೆ. ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ, ಕೂದಲು ನೆಟ್ಟಗೆ ನಿಂತಿದೆ. ಶಾಖದ ದೀಪದ ಕೆಳಗೆ ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತವೆ. ತೊಟ್ಟಿ ತುಂಬ ಆಹಾರವಿದೆ, ಅದರ ಪಕ್ಕದಲ್ಲೇ ಹಸಿವಿನಿಂದ ಸಾಯುತ್ತಿವೆ. ಇವತ್ತಿಗೆ ಹತ್ತೊಂಬತ್ತು.

ಪಶುವೈದ್ಯರು ಬಂದು ನೀರು ನೋಡಿದರು, ದೀಪ ನೋಡಿದರು, ನೆಲವನ್ನು ಬೆರಳಿನಿಂದ ಒರೆಸಿ ನೋಡಿದರು. "ಎಲ್ಲೋ ಅಸಡ್ಡೆ ಆಗಿದೆ" ಎಂದರು. ನನ್ನನ್ನು ನೋಡಿ ಹೇಳಲಿಲ್ಲ, ನನ್ನ ಬೂಟು ನೋಡಿ ಹೇಳಿದರು.

ಅವರು ಹೋದ ಮೇಲೆ ಹೊಸ ಚೀಲದ ಪುಡಿಯನ್ನು ಬಾಯಿಗೆ ಹಾಕಿಕೊಂಡೆ. ಸಿಹಿಯಿಲ್ಲ. ಹಸಿ ಹಿಟ್ಟಿನ ಹಾಗೆ ನಾಲಿಗೆಗೆ ಮೆತ್ತಿಕೊಂಡಿತು. ಎರಡು ಗ್ಲಾಸು ತಣ್ಣೀರು ತೆಗೆದುಕೊಂಡು, ಒಂದಕ್ಕೆ ಫೆಬ್ರವರಿ ಚೀಲದ ತಳದಲ್ಲಿ ಉಳಿದಿದ್ದ ಪುಡಿ, ಇನ್ನೊಂದಕ್ಕೆ ಹೊಸದನ್ನು ಹಾಕಿ ಕಲಸಿದೆ. ಹಳೆಯದು ಗಂಜಿಯ ಹಾಗೆ ಮಂದವಾಯಿತು. ಹೊಸದು ಮರಳಿನ ಹಾಗೆ ತಳ ಸೇರಿತು. ಬೆಂದ ಜೋಳಕ್ಕೂ ಹಸಿ ಜೋಳಕ್ಕೂ ಇರುವ ವ್ಯತ್ಯಾಸ ಅದು. ಇದನ್ನು ನನಗೆ ಕಲಿಸಿದವನು ಯಾರೆಂದು ನಿಮಗೆ ಗೊತ್ತು.

ಗ್ಲಾಸುಗಳನ್ನು ಯಾರಿಗೂ ತೋರಿಸಲಿಲ್ಲ. ಚೆಲ್ಲಿ ತೊಳೆದಿಟ್ಟೆ. ಹಬೆಯ ಯಂತ್ರ ಕೆಟ್ಟಿದೆಯೇ ಎಂದು ಅಣ್ಣನನ್ನು ಕೇಳಿ ಬರೆಯಿರಿ. ಬೇಗ.

ಮೆಣಸು


ಏಪ್ರಿಲ್ ೩

ಮೆಣಸು,

ಯಂತ್ರ ಸರಿಯಾಗಿದೆ. ಎಲ್ಲ ಸರಿಯಾಗಿದೆ. ಆಗಾಗ ಮರಿಗಳು ಸಾಯುವುದು ಇದ್ದದ್ದೇ ಎಂದು ಇಲ್ಲಿ ಹೇಳುತ್ತಾರೆ. ನೀನು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಲ್ಲಿ ಗಾಳಿ ಜೋರು, ಬಟ್ಟೆ ಒಣಗುವುದೊಂದು ಸುಖ.

ಅತ್ತಿಗೆ


ಏಪ್ರಿಲ್ ೧೯

ಅತ್ತಿಗೆ,

ಬಟ್ಟೆ ಒಣಗಿದ್ದಕ್ಕೆ ಸಂತೋಷ.

ನಮಗೆ ಬೀಗ ಬಿತ್ತು. ಎರಡನೇ ತಂಡದ ಮರಿಗಳೂ ಹಾಗೇ ಆದವು. ವೈದ್ಯರಿಗೆ ಈಗ ರೋಗದ ಅನುಮಾನ. ಆಹಾರವನ್ನು ಪರೀಕ್ಷೆಗೆ ಕಳಿಸಿದ್ದರು. ಒಂದು ಚಮಚವನ್ನು ಸುಟ್ಟು ಎಷ್ಟು ಶಾಖ ಬರುತ್ತದೆಂದು ಅಳೆಯುತ್ತಾರಂತೆ. ಚೀಟಿಯಲ್ಲಿ ಇರಬೇಕಾದಷ್ಟೇ ಬಂತು. "ಆಹಾರದಲ್ಲಿ ಶಕ್ತಿ ಸರಿಯಾಗೇ ಇದೆ. ಹಾಗಾದ್ರೆ ರೋಗಾನೇ" ಎಂದರು. ಬೆಂಕಿಗೆ ಹಸಿ ಜೋಳವಾದರೇನು, ಬೆಂದದ್ದಾದರೇನು? ಎಲ್ಲವನ್ನೂ ಸುಡುತ್ತದೆ. ಮರಿಯ ಹೊಟ್ಟೆ ಬೆಂಕಿಯಲ್ಲವಲ್ಲ. ಇದನ್ನು ಹೇಳಲು ಬಾಯಿ ತೆರೆದೆ. ಚೀಲದ ಮೇಲೆ ಅಣ್ಣನ ಗಿರಣಿಯ ಮುದ್ರೆ ಕಾಣಿಸಿತು. ಮುಚ್ಚಿದೆ.

ಈಗ ನಿಯಮ ಏನೆಂದರೆ, ಕಾರಣ ಗೊತ್ತಾಗುವವರೆಗೆ ಎಂಟು ಜನರಲ್ಲಿ ಯಾರೂ ಹೊರಗೆ ಹೋಗುವಂತಿಲ್ಲ. ಜೂನ್ ಹತ್ತು ಎಂಬ ತಾರೀಕೇ ಇನ್ನಿಲ್ಲ. ಊಟದ ಕೋಣೆಗೂ ಹೋಗುವಂತಿಲ್ಲ, ಬುತ್ತಿಯನ್ನು ಬಾಗಿಲಲ್ಲಿ ಇಟ್ಟು ಗಂಟೆ ಬಾರಿಸುತ್ತಾರೆ. ನಾಲ್ಕು ಗೋಡೆ, ಒಂದು ಓಣಿ, ಮರಿಗಳ ಕೂಗು. ಗೊರಕೆಯ ಮಗಳಿಗೆ ಚೊಚ್ಚಲ ಹೆರಿಗೆ, ಜೂನ್ ಎರಡನೇ ವಾರ. ಈ ಹೆಂಗಸು ಗೋಡೆಗೆ ತಿರುಗಿ ಕೂತು ಒಂದು ಟೋಪಿ ಹೆಣೆಯುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹೆಣೆಯುತ್ತಾಳೆ. ನೂಲು ಇರುವುದು ಒಂದೇ ಉಂಡೆ. ನಾನು ನೋಡುತ್ತಾ ಕೂರುತ್ತೇನೆ. ನನಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ. ಅವಳ ಜೊತೆ ಒಂದೇ ಕೋಣೆಯಲ್ಲಿರುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ?

ಪುಡಿಗೆ ಕುದಿನೀರು ಹಾಕಿ ನಾನೇ ಗಂಜಿ ಮಾಡಿ ಕೊಡುತ್ತಿದ್ದೇನೆ. ಎಂಟೂ ಜನ ತಮ್ಮ ಚಹಾದ ಹಾಲಿನ ಪುಡಿಯನ್ನು ಕೊಟ್ಟಿದ್ದಾರೆ. ಯಾಕೆಂದು ಕೇಳದೆ ಕೊಟ್ಟರು. ತೀರ ಸೋತ ಇಪ್ಪತ್ತು ಮರಿಗಳಿಗೆ ಬಾಟಲಿಯಲ್ಲಿ ಕುಡಿಸಿದೆ. ಹದಿನಾಲ್ಕು ಉಳಿದವು. ಆದರೆ ಮರಿಗಳು ನಾನೂರು, ನನಗಿರುವುದು ಒಂದು ಕೆಟಲು.

ಯಂತ್ರ ಸರಿಯಾಗಿದ್ದರೆ ಸರಿಯಿಲ್ಲದ್ದು ಯಾವುದು?

ಮೆಣಸು


ಮೇ ೨

ಅತ್ತಿಗೆ,

ಉತ್ತರ ಬರಲಿಲ್ಲ. ಇವತ್ತಿಗೆ ಎಪ್ಪತ್ತಮೂರು.


ಮೇ ೯

ಮೆಣಸು,

ಈ ಪತ್ರವನ್ನು ಹೊಲಿಗೆಯ ಯಂತ್ರದ ಹಿಂದೆ, ಚೀಲಗಳ ರಾಶಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾಲ್ಕು ಸಲ ಹರಿದಿದ್ದೇನೆ.

ನಿಮ್ಮಣ್ಣನಿಗೆ ಕಣ್ಣು ಕಾಣುವುದಿಲ್ಲ.

ಪೂರ್ತಿ ಕುರುಡಲ್ಲ. ನೋಟದ ನಡುವೆ ಒಂದು ಮಸುಕು. ಅಂಚಿನಲ್ಲಿ ಕಾಣುತ್ತದೆ, ನೇರವಾಗಿ ನೋಡಿದ್ದು ಮಾಯವಾಗುತ್ತದೆ. ಮೂರು ವರ್ಷವಾಯಿತು. ಕನ್ನಡಕ ಹಾಕಿ ನೋಡಿದರು, ಏನೂ ಆಗಲಿಲ್ಲ. ದಾರಿಯಲ್ಲಿ ನಡೆಯುತ್ತಾರೆ, ಊಟ ಮಾಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷರ, ಅಂಕಿ, ಮುಖ, ಈ ಮೂರೂ ಹೋಗಿವೆ. ಮನೆಯಲ್ಲಿ ಎಲ್ಲ ವಸ್ತುವೂ ಇದ್ದಲ್ಲೇ ಇದ್ದರೆ ಅವರು ರಾಜ. ನೀನು ಸ್ಟೂಲು ಎಳೆದಿಟ್ಟ ದಿನ ಅದಕ್ಕೆ ಎಡವಿ ಹಣೆ ಒಡೆದುಕೊಂಡರು. ನಿನಗೆ ಗೊತ್ತಾಗಬಾರದೆಂದು ಕೂಗಾಡಿದರು. ನೀನು ಹೋದ ಮೇಲೆ ಅದೇ ಸ್ಟೂಲಿನ ಮೇಲೆ ಕೂತಿದ್ದರು, ಊಟಕ್ಕೆ ಕರೆದರೂ ಏಳಲಿಲ್ಲ. ಕೋಪದಿಂದ ಬರೆಯುತ್ತಿಲ್ಲ ಎಂದುಕೊಂಡಿದ್ದೀಯ. ಅವರಿಗೆ ಬರೆಯಲಾಗುವುದಿಲ್ಲ, ಹುಚ್ಚಿ. ನಿನ್ನ ಪತ್ರಗಳನ್ನೆಲ್ಲ ನಾನೇ ಓದಿ ಹೇಳುತ್ತೇನೆ. ಮರಿಗಳ ವಿಷಯ ಬಂದಾಗ ಹಾರಿಸಿಬಿಡುತ್ತೇನೆ.

ಮೂರು ವರ್ಷ ನಾನು ಅವರ ಕಣ್ಣಾಗಿದ್ದೆ. ಆಗಾಗ ಬದಲಾಗುವ ಮಿಶ್ರಣದ ಚೀಟಿ ಓದುತ್ತಿದ್ದೆ, ಹಬೆಯ ಮಾಪಕದ ಮುಳ್ಳು ನೋಡುತ್ತಿದ್ದೆ, ಮಿಕ್ಕಿದ್ದನ್ನು ಅವರ ಕೈ ಮಾಡುತ್ತಿತ್ತು. ನನ್ನನ್ನು ಗೋಡೆಯ ಈಚೆ ಹಾಕಿದ ಮೇಲೆ ಅಂದಾಜಿನಲ್ಲಿ ನಡೆಸುತ್ತಿದ್ದಾರೆ. ನಿನ್ನ ಮಾರ್ಚ್ ಪತ್ರ ಬಂದ ದಿನ ಹೋಗಿ ಆ ಸಲದ ಚೀಟಿ ನೋಡಿದೆ. ಹಾಲೊಡಕು ನೂರಕ್ಕೆ ಹದಿನಾರು ಎಂದಿದೆ. ಓರೆಗಣ್ಣಿನಿಂದ ತಡಕಾಡಿ ಅವರಿಗೆ ಕಂಡದ್ದು ಆರು. ಮುಂದಿನ ಒಂದು ಆ ಮಸುಕಿನೊಳಗೆ ಹೋಯಿತು. ಕಮ್ಮಿಯಾದದ್ದನ್ನು ಜೋಳದಿಂದ ತುಂಬಿದರು. ಮುಳ್ಳು ಕಾಣದೆ ಜೋಳವೂ ಅರ್ಧಂಬರ್ಧ ಬೆಂದದ್ದು. ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅಷ್ಟರಲ್ಲಿ ಆ ಚೀಲಗಳೆಲ್ಲ ನಿಮ್ಮಲ್ಲಿಗೆ ಹೊರಟುಹೋಗಿದ್ದವು.

ಹೇಳಿದರೆ ಕೆಲಸ ಹೋಗುತ್ತದೆ, ಗಿರಣಿಯವರು ಕೊಟ್ಟ ಮನೆಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರ ಬಳಿ ಉಳಿದಿರುವುದು ಮೇಸ್ತ್ರಿ ಎಂಬ ಆ ಹೆಸರೊಂದೇ. ಹೇಳದಿದ್ದರೆ ನೀನು ಒಳಗೆ ಕೊಳೆಯುತ್ತೀಯ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿದೆ ನನಗೆ. ತಪ್ಪು ನನ್ನದೂ ಹೌದು. ಎಪ್ಪತ್ತಮೂರು ಎಂದು ಬರೆದಿದ್ದೀಯಲ್ಲ, ಆ ಅಂಕಿಯನ್ನು ಅವರಿಗೆ ಓದಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ಈ ಪತ್ರವನ್ನು ವೈದ್ಯರಿಗೆ ತೋರಿಸಬೇಕೆನಿಸಿದರೆ ತೋರಿಸು. ನಾನು ಬೈಯುವುದಿಲ್ಲ.

ಅತ್ತಿಗೆ


ಮೇ ೧೪

ಅಣ್ಣ,

ಈ ಪತ್ರ ನಿನಗೆ. ಅತ್ತಿಗೆ, ಒಂದು ಸಾಲನ್ನೂ ಹಾರಿಸದೆ ಓದಿ.

ನನಗೆ ಗೊತ್ತಾಗಿದೆ. ಅತ್ತಿಗೆಯ ಮೇಲೆ ರೇಗಬೇಡ. ರೇಗಬೇಕೆನಿಸಿದರೆ ನನ್ನ ಮೇಲೆ ರೇಗು, ಅಭ್ಯಾಸವಿದೆ.

ಅತ್ತಿಗೆ ಹೇಳದೆ ಬಿಟ್ಟದ್ದನ್ನು ಈಗ ಕೇಳು. ಮಾರ್ಚಿನಿಂದ ನಿನ್ನ ಚೀಲ ತಿಂದ ಮರಿಗಳಲ್ಲಿ ಎಂಬತ್ತೊಂದು ಸತ್ತಿವೆ. ನಿನ್ನ ಕೈಯ ಆಹಾರ ತಿಂದು ನನ್ನ ಕೈಯಲ್ಲಿ ಸತ್ತವು. ಇಲ್ಲಿ ರೋಗವೆಂದುಕೊಂಡು ನಮ್ಮನ್ನು ಕೂಡಿಹಾಕಿದ್ದಾರೆ. ರೋಗವಿಲ್ಲವೆಂದು ಎಂಟು ಜನರಲ್ಲಿ ನನಗೊಬ್ಬಳಿಗೇ ಗೊತ್ತು.

ಅತ್ತಿಗೆಯ ಪತ್ರವನ್ನು ಮೂರು ದಿನ ಅಂಗಿಯೊಳಗೆ ಇಟ್ಟುಕೊಂಡು ಓಡಾಡಿದೆ. ನಿನ್ನೆ ವೈದ್ಯರು ಗಾಜಿನಾಚೆ ನಿಂತು, "ಏನಾದ್ರೂ ಹೇಳೋದಿದ್ಯೇನಮ್ಮಾ?" ಎಂದರು. ಗೊರಕೆ ನನ್ನ ಪಕ್ಕದಲ್ಲೇ ಇದ್ದಳು. "ಇಲ್ಲ ಸಾರ್" ಎಂದೆ. ಅವಳು ನನ್ನ ಮುಖ ನೋಡಿ, "ನಿಂಗೆ ಜ್ವರ ಏನಾದ್ರೂ ಇದ್ಯಾ?" ಎಂದು ಹಣೆ ಮುಟ್ಟಿದಳು. ಅವಳ ಮಗಳಿಗೆ ಇನ್ನು ನಾಲ್ಕು ವಾರ.

ನಿನ್ನ ಹೆಸರನ್ನು ನಾನು ಹೇಳುವುದಿಲ್ಲ. ಹೇಳುವವರು ನಾನಾಗಬಾರದು, ಅತ್ತಿಗೆಯೂ ಆಗಬಾರದು. ಆದರೆ ಈ ತಿಂಗಳ ಕೊನೆಯವರೆಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಆಮೇಲೆ ನಿನ್ನ ಮನೆಗೆ ಬರುವುದಿಲ್ಲ. ಬರುವ ಮುಖವೂ ಇರುವುದಿಲ್ಲ.

ನಿನ್ನ ತಂಗಿ


ಮೇ ೨೭

ಮೆಣಸು,

ನಾನು ಹೇಳ್ತೀನಿ, ನಿಮ್ಮತ್ತಿಗೆ ಬರೀತಾಳೆ. ನಾನು ಹೇಳಿದ ಹಾಗೇ ಬರಿ ಅಂದಿದ್ದೀನಿ.

ನಿನ್ನ ಪತ್ರ ಬಂದ ದಿನ ಊಟ ಮಾಡ್ಲಿಲ್ಲ. ಮಾರನೇ ದಿನ ಮಾಡ್ದೆ, ಹಸಿವಾಯ್ತು. ಎಂಬತ್ತೊಂದು ಅಂತ ಕೇಳಿದಾಗ ನಂಗೆ ಮೊದಲು ಅನ್ನಿಸಿದ್ದು ಏನು ಗೊತ್ತಾ? ಇನ್ನೂರು ಆಗಿರ್ಬೇಕಿತ್ತು, ಇವಳು ಹೇಗೋ ಉಳಿಸಿದ್ದಾಳೆ ಅಂತ. ಕೆಲಸ ಕಲಿತಿದ್ದೀಯ.

ಹೇಳ್ಬೇಕು ಅಂತ ಎರಡು ದಿನ ಮ್ಯಾನೇಜರ್ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಮೂರನೇ ದಿನ ಚೀಟಿ ಹಿಡ್ಕೊಂಡು ಒಳಗೆ ಹೋದೆ. "ಸಾರ್, ಇದನ್ನ ಓದಿ" ಅಂದೆ. "ನೀವೇ ಓದಿ ಮೇಸ್ತ್ರಿ" ಅಂದ್ರು. "ನನಗೆ ಓದೋಕಾಗಲ್ಲ ಸಾರ್, ಮೂರು ವರ್ಷದಿಂದ ಓದಿಲ್ಲ" ಅಂದೆ. ಆ ಮನುಷ್ಯ ನಗ್ತಾ ಇದ್ದೋನು ನಿಲ್ಲಿಸಿದ. ಚೀಟಿನ ನನ್ನ ಕೈಯಿಂದ ತಗೊಂಡ. ಮುಖ ಹೇಗಿತ್ತೋ ನಂಗೆ ಗೊತ್ತಿಲ್ಲ, ಅದೊಂದು ಅನುಕೂಲ.

ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿದ್ರು. ನಾನೇ ಮಾತಾಡಿ ಎಲ್ಲ ಹೇಳ್ದೆ. ಬೈಸಿಕೊಂಡೆ. ಬೈಬೇಕಾದಷ್ಟು ಬೈಲಿಲ್ಲ. ನಿನಗೂ ಬೈತಾರೆ. ನೀನು ಮೊದಲೇ ಹೇಳ್ಬೇಕಿತ್ತು. ನನಗೋಸ್ಕರ ಸುಮ್ಮನಿದ್ದೆ, ಅದು ತಪ್ಪು. ಆದ್ರೆ ಸುಮ್ಮನಿದ್ದೆಯಲ್ಲ.

ಕೆಲಸ ಹೋಯ್ತು. ಜುಲೈ ಕೊನೆಗೆ ಮನೆ ಖಾಲಿ ಮಾಡ್ಬೇಕು. ಕಣ್ಣಿನ ಡಾಕ್ಟರು, ಹೋದದ್ದು ಬರಲ್ಲ, ಅಂಚು ಉಳಿಯುತ್ತೆ ಅಂದ್ರು. ಬೆಳಗ್ಗೆ ಗಿರಣಿ ಗಂಟೆ ಹೊಡೆದ್ರೆ ಎದ್ದು ನಿಂತ್ಕೋತೀನಿ, ಆಮೇಲೆ ಕೂತ್ಕೋತೀನಿ. ಕೈ ಎಲ್ಲಿಟ್ಕೋಬೇಕು ಗೊತ್ತಾಗಲ್ಲ. (ಇದನ್ನು ಬರೆಯಬೇಡ ಎಂದರು. ಬರೆದಿದ್ದೇನೆ. ಮೊನ್ನೆ ಅತ್ತರು, ಅದನ್ನೂ ಬರೆಯಬೇಡ ಎಂದರು.)

ನಿಮ್ಮನ್ನ ಹೊರಗೆ ಬಿಟ್ರಾ ಬರಿ.

ಅಣ್ಣ


ಜೂನ್ ೧೬

ಅತ್ತಿಗೆ,

ಇದು ನಿಮಗೊಬ್ಬರಿಗೇ. ಅಣ್ಣನಿಗೆ ಓದಿ ಹೇಳಬೇಡಿ.

ಬೀಗ ತೆಗೆದರು. ಹೊಸ ಚೀಲಗಳು ಬಂದವು. ಹಬೆಯ ಮುಳ್ಳನ್ನು ಈಗ ಇಬ್ಬರು ನೋಡಿ ಸಹಿ ಹಾಕುತ್ತಾರಂತೆ. ಈ ತಂಡದ ಮರಿಗಳು ಮೂರನೇ ದಿನಕ್ಕೇ ತೊಟ್ಟಿಗೆ ಮುಗಿಬಿದ್ದು ಜಗಳವಾಡುತ್ತಿವೆ. ವೈದ್ಯರು ನನ್ನನ್ನು ಬೈದರು, ಇಡೀ ಓಣಿಗೆ ಕೇಳುವ ಹಾಗೆ. ಎಲ್ಲ ಮುಗಿದ ಮೇಲೆ, "ಆ ಹದಿನಾಲ್ಕಕ್ಕೆ ಗಂಜಿ ಎಷ್ಟು ಹೊತ್ತಿಗೊಂದು ಸಲ ಕೊಟ್ರಿ?" ಎಂದು ಕೇಳಿ ಬರೆದುಕೊಂಡರು.

ಗೊರಕೆಗೆ ನಾನೇ ಎಲ್ಲ ಹೇಳಿದೆ. ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಗೊರಕೆಯನ್ನೂ ಬಿಟ್ಟಳು, ನಿದ್ದೆ ಮಾಡದೆ ಮಲಗಿದ್ದಳೆಂದು ಕಾಣುತ್ತದೆ. ಈ ಮನೆಯಿಂದ ಸದ್ಯಕ್ಕೆ ಒಬ್ಬರೇ ಹೊರಗೆ ಹೋಗಬಹುದು, ಮರಿಗಳ ಹತ್ತಿರ ಇನ್ನೊಬ್ಬರು ಇರಬೇಕು ಎಂದರು. ಅವಳನ್ನು ಕಳಿಸಿದೆ. ಹೆಣ್ಣುಮಗುವಂತೆ. ಗೇಟಿನವನ ಕೈಲಿ ಹೇಳಿಕಳಿಸಿದ್ದಾಳೆ, ಬೇರೆ ಮಾತಿಲ್ಲ.

ಇನ್ನೊಂದು ಅವಧಿಗೆ ಸಹಿ ಹಾಕಿದೆ. ಎರಡನೇ ಸಲ ಸಹಿ ಹಾಕಿದವರ ಮನೆಯವರಿಗೆ ಗೇಟಿನಾಚೆ ಎರಡು ಕೋಣೆ ಕೊಡುತ್ತಾರೆ. ಜುಲೈಯಲ್ಲಿ ನೀವಿಬ್ಬರೂ ಬನ್ನಿ. ಬೇಡ ಎನ್ನಬೇಡಿ, ಸಹಿ ಹಾಕಿಯಾಗಿದೆ. ಇನ್ನು ನಾಲ್ಕು ತಿಂಗಳು ಇದೇ ಗೋಡೆ, ಇದೇ ಓಣಿ. ಸಹಿ ಹಾಕುವ ಮೊದಲು ಪೆನ್ನನ್ನು ಎರಡು ಸಲ ಕೆಳಗಿಟ್ಟೆ ಎಂಬುದು ನಿಮ್ಮಲ್ಲೇ ಇರಲಿ.

ಈಗ ನಿನ್ನೆಯ ಮಾತು. ಅಣ್ಣ ಬಂದಿದ್ದ. ನಿಮ್ಮನ್ನು ಬಸ್ ನಿಲ್ದಾಣದಲ್ಲೇ ಕೂರಿಸಿ ಒಬ್ಬನೇ ಬಂದನಂತೆ, ನಾನೇ ಹೋಗ್ತೀನಿ ಎಂದು ಹಟ ಮಾಡಿದನಂತೆ. ಗೇಟಿನವನು ಬೇಲಿಯವರೆಗೆ ಬಿಟ್ಟು, "ಎಡದಿಂದ ಎರಡನೇ ಕಿಟಕೀಲಿ ನಿಮ್ಮ ತಂಗಿ ಇರ್ತಾಳೆ" ಎಂದು ಹೇಳಿ ಹೋದ. ಬೇಲಿಗೂ ನಮ್ಮ ಕಟ್ಟಡಕ್ಕೂ ನಲವತ್ತು ಹೆಜ್ಜೆ. ಸಾಲಾಗಿ ಐದು ಕಿಟಕಿ. ನಾನು ಎರಡನೆಯದರಲ್ಲಿ ನಿಂತಿದ್ದೆ.

ಅಣ್ಣ ನಾಲ್ಕನೆಯದರ ಎದುರು ನಿಂತ.

ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಆ ಕಿಟಕಿಯನ್ನು ನೋಡಿದ. ಕೈ ಎತ್ತಿದ. ನಕ್ಕ. ಅತ್ತಿಗೆ, ಅಲ್ಲಿ ಯಾರೂ ಇರಲಿಲ್ಲ. ಅದು ನಮ್ಮ ಉಗ್ರಾಣ. ನಾನು ಗಾಜು ಬಡಿದೆ, ಕೂಗಿದೆ. ಎರಡು ಪದರದ ಗಾಜು, ಏನೂ ಕೇಳಿಸುವುದಿಲ್ಲ. ಅವನು ಮಾತಾಡಲು ಶುರು ಮಾಡಿದ. ತುಟಿ ಆಡುವುದು ನನಗೆ ಕಾಣುತ್ತಿತ್ತು. ಅವನೂ ಬಲ್ಲ, ನನಗೆ ಕೇಳಿಸುವುದಿಲ್ಲವೆಂದು. ಆದರೂ ಹೇಳುತ್ತಿದ್ದ, ಬೆರಳು ಎಣಿಸಿ ಎಣಿಸಿ, ಕೈ ಬೀಸಿ, ಏನನ್ನೋ.

ಓಡಿದೆ. ಉಗ್ರಾಣದ ಚಿಲಕ ಬಿಗಿಯಾಗಿತ್ತು, ಭುಜ ಕೊಟ್ಟು ತಳ್ಳಿದೆ. ಕಿಟಕಿಯ ಅರ್ಧದವರೆಗೂ ಚೀಲಗಳ ರಾಶಿ. ಹತ್ತಿದೆ. ಕಾಲು ಜಾರಿ ಮೊಣಕಾಲು ತರಚಿತು. ಮತ್ತೆ ಹತ್ತಿ, ಗಾಜಿನ ಧೂಳನ್ನು ತೋಳಿನಿಂದ ಒರೆಸಿ, ಅವನು ನೋಡುತ್ತಿದ್ದ ಜಾಗಕ್ಕೆ ಸರಿಯಾಗಿ ಮುಖ ಇಟ್ಟೆ. ಅವನು ಇನ್ನೂ ಮಾತಾಡುತ್ತಿದ್ದ. ಹೂಂ ಎಂದೆ. ಎಲ್ಲದಕ್ಕೂ ಹೂಂ, ಹೂಂ ಎಂದು ತಲೆಯಾಡಿಸಿದೆ. ಮಾತು ಮುಗಿಸಿ, ಕೈ ಮುಗಿದ ಹಾಗೆ ಮಾಡಿ, ಬೇಲಿ ಹಿಡಿದುಕೊಂಡು ಹೊರಟ.

ನಿಲ್ದಾಣದಲ್ಲಿ ನಿಮ್ಮ ಹತ್ತಿರ ಬಂದು, ತಂಗಿಯನ್ನು ನೋಡಿದೆ, ಸೊರಗಿದ್ದಾಳೆ ಎಂದೋ ಚೆನ್ನಾಗಿದ್ದಾಳೆ ಎಂದೋ ಹೇಳಿರುತ್ತಾನೆ. ಏನು ಹೇಳಿದ್ದರೂ ಹೌದೆನ್ನಿ. ಮೊದಲಿನಿಂದಲೂ ನಾನು ಆ ಕಿಟಕಿಯಲ್ಲೇ ನಿಂತಿದ್ದೆ ಎಂದು ಅವನು ತಿಳಿದುಕೊಂಡಿರಲಿ.

ನಿಮ್ಮ ನಾದಿನಿ,
ಮೆಣಸು